ಊಲಾಂಗ್ ಚಹಾ ಮತ್ತು ಬೇಳೆ ಬೇಯದ ನೀರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ: ವಿಜಯಪುರ ಜಿಲ್ಲೆಯ ಈ ಸೀಮೆಯಲ್ಲಿ ಚಹಾದ ತೋಟಗಳಿಲ್ಲ. ಎರೆಮಣ್ಣು, ಕಡಿಮೆ ಮಳೆ, ಬೇಸಿಗೆಯ ಉರಿಬಿಸಿಲು ಇವೆಲ್ಲ ಜೋಳ, ತೊಗರಿ, ಲಿಂಬೆಗಳಿಗೆ ಒಗ್ಗಿದುವೇ ಹೊರತು, ಆಮ್ಲಗುಣದ ಮಣ್ಣನ್ನೂ ತೇವದ ಗಾಳಿಯನ್ನೂ ಬಯಸುವ ಚಹಾಕ್ಕೆ ಒಗ್ಗಿದುವಲ್ಲ. ಆದರೂ ಮನೆಗೆ ಬಂದವರಿಗೆ ಚಹಾ ಕೊಡದೆ ಕಳುಹಿಸುವ ರೂಢಿ ಅಲ್ಲಿ ಇಲ್ಲ. ಹಾಲು, ಸಕ್ಕರೆ, ಚಹಾಪುಡಿಗಳನ್ನು ಕೂಡಿಸಿ ಚೆನ್ನಾಗಿ ಕುದಿಸಿದ ಆ ಚಹಾದ ಸೊಗಸೇ ಬೇರೆ. ಅದನ್ನು ಹೀಗಳೆಯುವುದು ಈ ಲೇಖನದ ಉದ್ದೇಶವಲ್ಲ.

ಆದರೆ ಈಚಿನ ವರ್ಷಗಳಲ್ಲಿ ದೂರದೂರದ ಚಹಾಗಳು ಅಂಚೆಯ ಮೂಲಕ ತಾಲೂಕಿನ ಊರುಗಳಿಗೂ ಬರತೊಡಗಿವೆ. ಊಲಾಂಗ್ ಎಂಬ ಹೆಸರು ಕೇಳಿ ಕುತೂಹಲಗೊಂಡ ವಿದ್ಯಾರ್ಥಿಯೊಬ್ಬನು, ಕೈಖರ್ಚಿನಲ್ಲಿ ಉಳಿಸಿದ ಹಣದಿಂದ ೫೦ ಗ್ರಾಂ ತರಿಸಿದನೆನ್ನೋಣ. ಹೂವಿನ ಪರಿಮಳವುಳ್ಳದ್ದೆಂದು ಪೊಟ್ಟಣದ ಮೇಲೆ ಬರೆದಿದೆ. ಅವನು ಕೊಳವೆಬಾವಿಯ ನೀರನ್ನು ಕಾಯಿಸಿ ಎಲೆಯನ್ನು ಹಾಕುತ್ತಾನೆ. ಬಟ್ಟಲಿಗೆ ಬರುವುದು ಮಬ್ಬು ಬಣ್ಣದ, ಮೇಲೆ ತೆಳ್ಳನೆಯ ಪೊರೆ ಕಟ್ಟಿದ, ಪರಿಮಳವಿಲ್ಲದ ನೀರು. ಆಗ ಅವನು ಎರಡರಲ್ಲೊಂದು ತೀರ್ಮಾನಕ್ಕೆ ಬರುತ್ತಾನೆ: ವ್ಯಾಪಾರಿ ಮೋಸಮಾಡಿದನು, ಇಲ್ಲವೆ ತನ್ನ ನಾಲಿಗೆಗೆ ಇದರ ಯೋಗ್ಯತೆ ಇಲ್ಲ. ಎರಡೂ ತಪ್ಪಾಗಿರಬಹುದು. ಯಾರನ್ನೂ ದೂರುವ ಮೊದಲು ನೀರನ್ನು ವಿಚಾರಿಸಬೇಕೆಂಬುದು ನಮ್ಮ ಅಭಿಪ್ರಾಯ.

ನೀರಿನ ವಿಚಾರಕ್ಕೆ ಮುನ್ನ ಎಲೆಯನ್ನು ಕುರಿತು ಸ್ವಲ್ಪ ತಿಳಿಯಬೇಕು. ಹಸಿರು ಚಹಾ, ಊಲಾಂಗ್, ನಾವು ದಿನವೂ ಕುಡಿಯುವ ಕಪ್ಪು ಚಹಾ, ಇವೆಲ್ಲವೂ ಕಮೆಲಿಯ ಸೈನೆನ್ಸಿಸ್ ಎಂಬ ಒಂದೇ ಸಸ್ಯಜಾತಿಯ ಎಲೆಗಳು. ಭೇದವಿರುವುದು ಕೊಯ್ಲಿನ ಅನಂತರದ ಸಂಸ್ಕರಣದಲ್ಲಿ. ಎಲೆಯ ಜೀವಕೋಶಗಳೊಳಗೆ ಕೆಟಕಿನ್ ಎಂಬ ಒಗರು ವಸ್ತುಗಳು ಒಂದು ಕಡೆಯಲ್ಲಿಯೂ, ಅವುಗಳನ್ನು ಬದಲಿಸಬಲ್ಲ ಕಿಣ್ವವು ಇನ್ನೊಂದು ಕಡೆಯಲ್ಲಿಯೂ ಇರುತ್ತವೆ. ಎಲೆ ಜಜ್ಜಿದಾಗ ಇವೆರಡೂ ಸೇರಿ, ಗಾಳಿಯ ಆಮ್ಲಜನಕದ ಸಂಪರ್ಕದಿಂದ ಉತ್ಕರ್ಷಣ ನಡೆದು, ಹೊಂಬಣ್ಣದ ಮತ್ತು ಕೆಂಗಂದು ಬಣ್ಣದ ಹೊಸ ವಸ್ತುಗಳು ಹುಟ್ಟುತ್ತವೆ. ಕೊಯ್ದ ಬದನೆಕಾಯಿ ಕಪ್ಪಾಗುವುದೂ ಇದೇ ಬಗೆಯ ಕ್ರಿಯೆಯಿಂದ. ಕೊಯ್ದ ಕೂಡಲೆ ಎಲೆಯನ್ನು ಬಿಸಿಮಾಡಿ ಕಿಣ್ವವನ್ನು ನಾಶಪಡಿಸಿದರೆ ಹಸಿರು ಚಹಾ. ಉತ್ಕರ್ಷಣವನ್ನು ಕೊನೆಯವರೆಗೂ ನಡೆಯಗೊಟ್ಟರೆ ಕಪ್ಪು ಚಹಾ. ೧೯೩೦ರಲ್ಲಿ ಅಸ್ಸಾಮಿನಲ್ಲಿ ವಿಲಿಯಂ ಮೆಕರ್ಚರ್ ಎಂಬಾತನು ರೂಪಿಸಿದ ಸಿ.ಟಿ.ಸಿ. ಯಂತ್ರವು ಎಲೆಯನ್ನು ಹಿಸುಕಿ, ಹರಿದು, ಸುರುಳಿಗೊಳಿಸಿ, ಬೇಗನೆ ಕಡು ಬಣ್ಣವನ್ನು ಬಿಡುವ ಕಾಳುಗಳನ್ನಾಗಿ ಮಾಡುತ್ತದೆ. ನಮ್ಮ ಅಂಗಡಿಗಳ ಚಹಾಪುಡಿ ಬಹುಪಾಲು ಇದೇ.

ಊಲಾಂಗ್ ಇವೆರಡರ ನಡುವಣದು. ಬಾಡಿಸಿದ ಎಲೆಗಳನ್ನು ಬಿದಿರಿನ ಮೊರಗಳಲ್ಲಿ ಮೆಲ್ಲನೆ ಕುಲುಕುತ್ತಾರೆ. ಅಂಚುಗಳು ಮಾತ್ರ ನಲುಗಿ ಕೆಂಪೇರುತ್ತವೆ. ನಡುಭಾಗ ಹಸುರಾಗಿಯೇ ಉಳಿಯುತ್ತದೆ. ಬೇಕಾದ ಪರಿಮಳ ಬಂದಿತೆಂದು ಕುಶಲಿಗೆ ತೋರಿದಾಗ ಎಲೆಯನ್ನು ಬಿಸಿಮಾಡಿ ಕ್ರಿಯೆಯನ್ನು ನಿಲ್ಲಿಸಿ, ಉರುಟಿ, ಒಣಗಿಸುತ್ತಾರೆ. ಕೆಲವನ್ನು ಹುರಿಯುವುದೂ ಉಂಟು. ಎಲ್ಲಿ ನಿಲ್ಲಿಸಿದರೆಂಬುದರ ಮೇಲೆ ಒಂದು ಊಲಾಂಗ್ ಹಸಿರು ಚಹಾಕ್ಕೆ ಹತ್ತಿರವೂ ಮತ್ತೊಂದು ಕಪ್ಪು ಚಹಾಕ್ಕೆ ಹತ್ತಿರವೂ ಆಗಬಹುದು. ಚೀನಾದ ಫುಜಿಯನ್ ಪ್ರಾಂತವೂ ತೈವಾನ್ ದ್ವೀಪವೂ ಇದಕ್ಕೆ ಹೆಸರಾದ ನೆಲಗಳು. ೧೮೬೯ರಲ್ಲಿ ಜಾನ್ ಡಾಡ್ ಎಂಬ ವರ್ತಕನು ತೈವಾನಿನ ಊಲಾಂಗನ್ನು ನೇರವಾಗಿ ನ್ಯೂಯಾರ್ಕಿಗೆ ಕಳುಹಿಸಿದ ಮೇಲೆ ಅದರ ಕೀರ್ತಿ ಹಬ್ಬಿತು. ಅಲ್ಲಿನ ಒಂದು ಬಗೆಯ ಕಥೆ ಹತ್ತಿ ಬೆಳೆಯುವ ನಮ್ಮ ರೈತರಿಗೆ ಸೋಜಿಗವೆನಿಸೀತು. ಹತ್ತಿಗೆ ಶತ್ರುವಾದ ಜಿಗಿಹುಳುವಿನ ಬಳಗಕ್ಕೆ ಸೇರಿದ ಒಂದು ಹಸುರು ಕೀಟವು ಚಹಾದ ಚಿಗುರನ್ನು ಹೀರಿದಾಗ, ಗಿಡವು ಕೆಲವು ಸುಗಂಧ ವಸ್ತುಗಳನ್ನು ಹೆಚ್ಚಾಗಿ ಉಂಟುಮಾಡುತ್ತದೆ. ಹಾಗೆ ಹುಳು ಕಚ್ಚಿದ ಎಲೆಗೇ ಅಲ್ಲಿ ಹೆಚ್ಚಿನ ಬೆಲೆ! ನಮ್ಮ ದೇಶದಲ್ಲಿ ಡಾರ್ಜಿಲಿಂಗ್ ಮತ್ತು ನೀಲಗಿರಿಗಳಲ್ಲಿ ಊಲಾಂಗ್ ತಯಾರಾಗುತ್ತದೆ. ಕರ್ನಾಟಕದಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನ ಚಹಾ ಪ್ರಸಿದ್ಧವಾದುದು.

ಇನ್ನು ರುಚಿ ನೋಡುವ ಕ್ರಮ. ಮೂಗನ್ನು ಬೆರಳುಗಳಿಂದ ಮುಚ್ಚಿಕೊಂಡು ಒಂದು ಗುಟುಕು ಚಹಾ ಬಾಯಿಗೆ ತೆಗೆದುಕೊಳ್ಳಿರಿ. ಕಹಿ ತಿಳಿದೀತು, ಬಿಸಿ ತಿಳಿದೀತು, ಇನ್ನೇನೂ ತಿಳಿಯದು. ಬೆರಳು ತೆಗೆದೊಡನೆ ಪರಿಮಳ ತುಂಬಿಕೊಳ್ಳುತ್ತದೆ. ನಾವು ನಾಲಿಗೆಯದೆಂದು ಎಣಿಸುವ ಸ್ವಾದದ ಬಹುಭಾಗ ಗಂಟಲಿನ ಹಿಂಬದಿಯಿಂದ ಮೂಗಿಗೇರುವ ಆವಿಯದು. ಚಹಾ ಪರೀಕ್ಷಕರು ಚಮಚದಿಂದ ಸದ್ದುಮಾಡಿ ಸುರ್ರನೆ ಹೀರುವುದು ಅಸಭ್ಯತೆಯಿಂದಲ್ಲ. ದ್ರವವನ್ನು ತುಂತುರಾಗಿಸಿ ಆ ಆವಿಯನ್ನು ಮೂಗಿಗೆ ತಲುಪಿಸುವುದಕ್ಕಾಗಿ. ಒಗರು ಮಾತ್ರ ಬೇರೆ ಬಗೆಯದು. ಚಹಾದ ಒಗರು ವಸ್ತುಗಳು ಜೊಲ್ಲಿನ ಪ್ರೋಟೀನುಗಳನ್ನು ಹಿಡಿದು ಅದರ ಜಾರುಗುಣವನ್ನು ಕಳೆಯುವುದರಿಂದ ಬಾಯಿ ಒಣಗಿದಂತೆ, ಬಿಗಿದಂತೆ ಆಗುತ್ತದೆ. ಹಾಲು ಹಾಕಿದಾಗ ಅವು ಹಾಲಿನ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದ ಒಗರು ತಗ್ಗುತ್ತದೆ. ಊಲಾಂಗನ್ನು ಹಾಲಿಲ್ಲದೆ ಕುಡಿಯಲು ಹೇಳುವುದಕ್ಕೆ ಕಾರಣ ಇಷ್ಟೆ: ಅದರ ನಯವಾದ ಪರಿಮಳ ಹಾಲಿನಲ್ಲಿ ಮುಳುಗಿಹೋಗುತ್ತದೆ.

ಎರಡು ಚಹಾಗಳನ್ನು ಹೋಲಿಸಬೇಕಾದರೆ ಉಳಿದುದೆಲ್ಲವೂ ಸಮನಾಗಿರಬೇಕು. ಇದಕ್ಕೆಂದೇ ಐ.ಎಸ್.ಒ. ೩೧೦೩ ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಅದು ಮೊದಲು ೧೯೮೦ರಲ್ಲಿ ಪ್ರಕಟವಾಯಿತು. ೧೦೦ ಮಿಲಿಲೀಟರ್ ನೀರಿಗೆ ೨ ಗ್ರಾಂ ಎಲೆ, ೬ ನಿಮಿಷ. ಹೀಗೆ ಮಾಡಿದ ಚಹಾ ಕುಡಿಯಲು ಹಿತವಾಗಬೇಕೆಂದಿಲ್ಲ. ದೋಷಗಳೂ ಗುಣಗಳೂ ಎದ್ದು ತೋರಿದರೆ ಸಾಕು. ಸಂತೋಷಕ್ಕಾಗಿ ಕುಡಿಯುವಾಗ ೧೫೦ ಮಿಲಿಲೀಟರಿಗೆ ೩ ಗ್ರಾಂ ಹಾಕಿ ಎರಡು ನಿಮಿಷಕ್ಕೆ ಸೋಸಿ, ಅದೇ ಎಲೆಯನ್ನು ಇನ್ನೆರಡು ಸಲ ಬಳಸಬಹುದು. ಎಲೆಯನ್ನು ಚಮಚದಿಂದ ಅಳೆಯಬಾರದು. ಗುಂಡಾಗಿ ಉರುಟಿದ ಊಲಾಂಗ್ ಒಂದು ಚಮಚದಲ್ಲಿ ತೂಗುವಷ್ಟನ್ನು ಉದ್ದನೆಯ ಎಲೆಯ ಊಲಾಂಗ್ ಮೂರು ಚಮಚದಲ್ಲಿಯೂ ತೂಗಲಾರದು. ಶಾಲೆಯ ಪ್ರಯೋಗಶಾಲೆಯ ತಕ್ಕಡಿ ಸಾಕು. ಈ ತಾಲೂಕುಗಳ ನೆಲ ಸಮುದ್ರಮಟ್ಟಕ್ಕಿಂತ ಸುಮಾರು ೫೦೦–೬೦೦ ಮೀಟರ್ ಎತ್ತರದಲ್ಲಿರುವುದರಿಂದ ನೀರು ಅಲ್ಲಿ ೯೮ ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಹುರಿದ ಊಲಾಂಗಿಗೆ ಆ ಬಿಸಿ ಸರಿ. ಹಸುರು ಬಗೆಯದಕ್ಕೆ ನೀರನ್ನು ಒಮ್ಮೆ ಪಾತ್ರೆಯಿಂದ ಪಾತ್ರೆಗೆ ಸುರಿದು ತುಸು ಆರಿಸಿಕೊಳ್ಳುವುದು ಲೇಸು.

ಈಗ ನೀರಿಗೆ ಬರೋಣ. ಯಾವ ಬಾವಿಯ ನೀರಿನಲ್ಲಿ ಬೇಳೆ ಬೇಯುತ್ತದೆ, ಯಾವುದರಲ್ಲಿ ಬೇಯದು ಎಂಬುದನ್ನು ಎರೆಸೀಮೆಯ ಹೆಣ್ಣುಮಕ್ಕಳು ರಸಾಯನಶಾಸ್ತ್ರದ ನೆರವಿಲ್ಲದೆಯೇ ಬಲ್ಲರು. ಬೇಳೆ ಬೇಯದ, ಸಾಬೂನಿನ ನೊರೆ ಬಾರದ ನೀರೇ ಗಡಸು ನೀರು. ಈ ಸೀಮೆಯ ಬಹುಭಾಗ ದಖನ್ನಿನ ಕಪ್ಪು ಬಸಾಲ್ಟ್ ಶಿಲೆಯ ಮೇಲಿದೆ. ಮುದ್ದೇಬಿಹಾಳದಿಂದ ಬೇರ್ಪಟ್ಟು ತಾಲೂಕಾಗಿರುವ ತಾಳಿಕೋಟೆಯ ಕಡೆ ಸುಣ್ಣಕಲ್ಲಿನ ಪದರಗಳೂ ಇವೆ. ಮಳೆನೀರು ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕೆಳಗಿಳಿಯುವಾಗ ಇವುಗಳಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ ೨೦೦ ಮಿಲಿಗ್ರಾಮಿನವರೆಗೆ ಗಡಸುತನ ಒಪ್ಪತಕ್ಕದ್ದು. ಬೇರೆ ನೀರು ಇಲ್ಲದ ಕಡೆ ೬೦೦ರ ತನಕ ಸಹಿಸಬಹುದು. ಬೇಳೆಗೂ ಸ್ನಾನಕ್ಕೂ ಹೇಗೋ ಸಾಗುವ ಈ ನೀರು ಊಲಾಂಗಿಗೆ ಬಹಳ ಕೆಟ್ಟದ್ದು.

ಬಟ್ಟಲಿನ ಮೇಲೆ ಕಟ್ಟುವ ಪೊರೆಯನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಮೈಕೇಲ್ ಸ್ಪೈರೊ ಮತ್ತು ದಿಯೊಗ್ರೇಷಿಯಸ್ ಜಗಾನ್ಯಿ ಎಂಬ ರಸಾಯನಜ್ಞರು ಪರೀಕ್ಷಿಸಿ, ೧೯೯೩ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಎರಡೂ ಕೂಡಿ ಇದ್ದಾಗಲೇ ಪೊರೆ ಕಟ್ಟುತ್ತದೆ. ಚಹಾದಲ್ಲಿ ಕರಗಿದ ವಸ್ತುಗಳು ಮೇಲ್ಮೈಯಲ್ಲಿ ಗಾಳಿಯೊಡನೆ ಉತ್ಕರ್ಷಣಗೊಂಡು ಅದು ಉಂಟಾಗುತ್ತದೆ. ಆಮ್ಲ ಸೇರಿಸಿದರೆ ಪೊರೆ ಕಟ್ಟದು. ಕಡು ಚಹಾದಲ್ಲಿಯೂ ಕಡಿಮೆ, ಏಕೆಂದರೆ ಚಹಾದ ವಸ್ತುಗಳೇ ತುಸು ಆಮ್ಲಗುಣದವು. ಅವರ ಪ್ರಯೋಗ ಕಪ್ಪು ಚಹಾದ ಮೇಲೆ. ತಿಳಿಯಾಗಿ ಮಾಡುವ ಊಲಾಂಗಿಗೆ ಈ ಸ್ವಂತ ರಕ್ಷಣೆ ಇನ್ನೂ ಕಡಿಮೆಯೆಂದು ಊಹಿಸಬಹುದು.

ಆಮ್ಲವೆಂದೊಡನೆ ಇಂಡಿಯ ವಾಚಕರಿಗೆ ನೆನಪಾಗಬೇಕಾದುದು ತಮ್ಮೂರಿನ ತೆಳುಸಿಪ್ಪೆಯ ಕಾಗಜಿ ಲಿಂಬೆ. ಒಂದು ಸಣ್ಣ ಪ್ರಯೋಗ ಮಾಡಿ ನೋಡಿರಿ. ಹಾಲಿಲ್ಲದ ಕಪ್ಪು ಚಹಾವನ್ನು ಮೂರು ಗಾಜಿನ ಲೋಟಗಳಿಗೆ ಹಂಚಿ, ಒಂದಕ್ಕೆ ಎರಡು ಹನಿ ಲಿಂಬೆರಸ, ಒಂದಕ್ಕೆ ಚಿಟಿಕೆ ಅಡಿಗೆ ಸೋಡ ಹಾಕಿರಿ. ಮೂರನೆಯದನ್ನು ಹಾಗೆಯೇ ಬಿಡಿರಿ. ಲಿಂಬೆಯ ಲೋಟ ಕೂಡಲೆ ತಿಳಿಬಣ್ಣಕ್ಕೆ ತಿರುಗುವುದು, ಸೋಡದ್ದು ಕಪ್ಪಿಡುವುದು. ಎಲೆ ಅಷ್ಟೇ, ಸಾರವೂ ಅಷ್ಟೇ; ಬದಲಾದುದು ಬಣ್ಣದ ವಸ್ತುಗಳ ಆಮ್ಲಸ್ಥಿತಿ. ಬೈಕಾರ್ಬೊನೇಟ್ ತುಂಬಿದ ಬಾವಿನೀರು ಸೋಡದಂತೆಯೇ ವರ್ತಿಸುತ್ತದೆ. ಬಣ್ಣ ಕಡುವಾಗಿದ್ದರೆ ಚಹಾ ‘ಸ್ಟ್ರಾಂಗ್’ ಎಂದು ಹೊಗಳುವವರು ಇದನ್ನೊಮ್ಮೆ ನೋಡಬೇಕು. ಆದರೆ ಕೊಂಡ ಊಲಾಂಗಿಗೆ ಲಿಂಬೆ ಹಿಂಡಿ ಕುಡಿಯುವುದನ್ನು ನಾವು ಒಪ್ಪೆವು. ಪೊರೆ ಹೋದೀತು, ಅದರೊಡನೆ ಹೂವಿನ ಪರಿಮಳವೂ ಲಿಂಬೆಯ ವಾಸನೆಯಲ್ಲಿ ಅಡಗಿಹೋದೀತು.

ಹಾಗಾದರೆ ಉಪಾಯವೇನು? ನೀರನ್ನು ಹತ್ತು ನಿಮಿಷ ಕುದಿಸಿ, ಆರಲು ಬಿಟ್ಟು, ತಳದಲ್ಲಿ ನಿಂತ ಬಿಳಿಯ ಸುಣ್ಣವನ್ನು ಬಿಟ್ಟು ಮೇಲಿನದನ್ನು ಬಸಿದುಕೊಂಡರೆ ತಾತ್ಕಾಲಿಕ ಗಡಸುತನ ಬಹುಮಟ್ಟಿಗೆ ಕಳೆಯುತ್ತದೆ. ಚಹಾಕ್ಕೆ ಎರಡು ಸಲ ಕುದಿಸಿದ ನೀರು ಸಲ್ಲದೆಂದು ಹಲವು ಪುಸ್ತಕಗಳು ಹೇಳುತ್ತವೆ. ಮೆದು ನೀರಿನ ನಾಡಿನವರ ಆ ನಿಯಮವನ್ನು ಎರೆಸೀಮೆಯಲ್ಲಿ ಪಾಲಿಸುವ ಅಗತ್ಯವಿಲ್ಲ. ಆದರೆ ಸಲ್ಫೇಟ್, ಕ್ಲೋರೈಡುಗಳಿಂದಾದ ಗಡಸುತನ ಕುದಿಸಿದರೆ ಹೋಗದು. ಡೋಣಿ ನದಿಯ ದಂಡೆಯವರು ಬಲ್ಲ ಉಪ್ಪುತನವಂತೂ ನೀರು ಬತ್ತಿದಷ್ಟೂ ಹೆಚ್ಚುತ್ತದೆ. ಫ್ಲೋರೈಡಿನದೂ ಅದೇ ಕಥೆ, ಮತ್ತು ಇದು ರುಚಿಯ ಮಾತಲ್ಲ, ಹಲ್ಲು ಮೂಳೆಗಳ ಮಾತು. ಜಿಲ್ಲೆಯ ಕೆಲವೆಡೆ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು; ಲೀಟರಿಗೆ ೧.೫ ಮಿಲಿಗ್ರಾಂ ಅದರ ಗರಿಷ್ಠ ಮಿತಿ. ಚಹಾದ ಗಿಡವೂ ಮಣ್ಣಿನ ಫ್ಲೋರೈಡನ್ನು ತನ್ನ ಎಲೆಗಳಲ್ಲಿ, ಅದರಲ್ಲಿಯೂ ಬಲಿತ ಎಲೆಗಳಲ್ಲಿ, ಕೂಡಿಡುತ್ತದೆ. ಅಂಥ ಬಾವಿಯ ನೀರಿನಲ್ಲಿ ಚಹಾ ಮಾಡಲೇಬಾರದು.

ಊರೂರಿನ ಶುದ್ಧ ಕುಡಿಯುವ ನೀರಿನ ಘಟಕಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಆ ಯಂತ್ರಗಳು ಲವಣಗಳನ್ನು ಬಹುಪಾಲು ತೆಗೆದುಬಿಡುತ್ತವೆ. ಒಂದೇ ಊಲಾಂಗನ್ನು ಘಟಕದ ನೀರು, ನಲ್ಲಿಯ ಹೊಳೆನೀರು, ಕೊಳವೆಬಾವಿಯ ನೀರು ಈ ಮೂರರಲ್ಲಿ ಒಂದೇ ತೂಕ, ಒಂದೇ ಹೊತ್ತು ನೆನೆಸಿ, ಯಾವುದು ಯಾವುದೆಂದು ತಿಳಿಯದಂತೆ ಗೆಳೆಯನ ಕೈಯಲ್ಲಿ ಬಟ್ಟಲುಗಳನ್ನು ಕೊಡಿಸಿಕೊಂಡು ರುಚಿ ನೋಡಬೇಕು. ಮೊದಲು ಹೇಳಿದ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಸಿಕ್ಕುವುದು ಈ ಬಟ್ಟಲುಗಳಲ್ಲಿ. ಘಟಕದ ನೀರಿನಲ್ಲಿ ಪರಿಮಳ ಬಂದರೆ ವ್ಯಾಪಾರಿ ನಿರ್ದೋಷಿ. ತೀರ ಲವಣವಿಲ್ಲದ ನೀರಿನಲ್ಲಿ ಕೆಲವು ಚಹಾಗಳು ಸಪ್ಪೆಯೆನಿಸುವುದುಂಟು; ಆಗ ಮೂರು ಪಾಲಿಗೆ ಒಂದು ಪಾಲು ಹೊಳೆನೀರು ಬೆರಸಿ ನೋಡಬಹುದು.

ಮೂರರಲ್ಲಿಯೂ ಪರಿಮಳ ಬಾರದಿದ್ದರೆ ದೋಷ ಎಲೆಯದು. ಆಗ ಕೊಳ್ಳುವ ಕ್ರಮವನ್ನು ತಿದ್ದಿಕೊಳ್ಳಬೇಕು. ಮೊದಲ ಸಲ ೨೫ ಗ್ರಾಮಿಗಿಂತ ಹೆಚ್ಚು ಕೊಳ್ಳಬೇಡಿರಿ. ಬೆಳೆದ ಸ್ಥಳ, ಕೊಯ್ದ ಋತು, ಹುರಿದದ್ದೇ ಅಲ್ಲವೇ, ಇಷ್ಟನ್ನು ಹೇಳದ ವ್ಯಾಪಾರಿಯಿಂದ ದೂರವಿರುವುದು ಮೇಲು. ಮೈತೂಕ ಇಳಿಸುವ ಚಹಾ ಎಂದು ಬರೆದಿದ್ದರೆ ಪೊಟ್ಟಣವನ್ನು ಅಲ್ಲಿಯೇ ಇಟ್ಟುಬಿಡಿರಿ. ಹಾಲಿನ ಪರಿಮಳದ ಊಲಾಂಗ್ ಎಂಬುದೊಂದುಂಟು. ತೈವಾನಿನ ಜಿನ್‌ಶುವಾನ್ ತಳಿಗೆ ಅಂಥ ನಸುಗಂಪು ಸಹಜವಾಗಿಯೇ ಇದೆ. ಆದರೆ ಮಾರುಕಟ್ಟೆಯ ಹಲವಕ್ಕೆ ಸುಗಂಧ ಬೆರಸಿರುತ್ತಾರೆ. ಮೊದಲ ನೀರಿನಲ್ಲಿ ಘಮ್ಮೆಂದು ಎರಡನೆಯದರಲ್ಲಿ ಏನೂ ಉಳಿಯದಿದ್ದರೆ ಸಂಶಯಪಡಬೇಕು.

ಬೆಲೆಯನ್ನು ಪೊಟ್ಟಣದ ಲೆಕ್ಕದಿಂದ ನೋಡದೆ ಬಟ್ಟಲಿನ ಲೆಕ್ಕದಿಂದ ನೋಡಬೇಕು. ೫೦ ಗ್ರಾಮಿಗೆ ೪೦೦ ರೂಪಾಯಿ ಎಂದಿಟ್ಟುಕೊಂಡರೆ ಗ್ರಾಮಿಗೆ ೮ ರೂಪಾಯಿ. ೩ ಗ್ರಾಮಿಗೆ ೨೪. ಮೂರು ಸಲ ನೆನೆಸಿದರೆ ಬಟ್ಟಲಿಗೆ ೮ ರೂಪಾಯಿ. ಒಂದೇ ಸಲಕ್ಕೆ ಸತ್ವ ಬಿಟ್ಟುಬಿಡುವ ಎಲೆ ಅರ್ಧ ಬೆಲೆಗೆ ಬಂದರೂ ಬಟ್ಟಲಿಗೆ ೧೨ ರೂಪಾಯಿ ಬೀಳುತ್ತದೆ.

ಕುಡಿದಾದ ಮೇಲೆ ಚರಟವನ್ನು ಚೆಲ್ಲದೆ ಬಿಳಿಯ ತಟ್ಟೆಯ ಮೇಲೆ ನೀರು ಹಾಕಿ ಹರಡಿರಿ. ಜೋಳ ಕೊಳ್ಳುವಾಗ ಕಾಳನ್ನು ಹಲ್ಲಿನಿಂದ ಕಡಿದು ನೋಡುವಂಥದೇ ಪರೀಕ್ಷೆ ಇದು. ಒಳ್ಳೆಯ ಊಲಾಂಗಿನ ಎಲೆಗಳು ಬಹುಮಟ್ಟಿಗೆ ಇಡಿಯಾಗಿ ಬಿಚ್ಚಿಕೊಳ್ಳುತ್ತವೆ. ಹೆಚ್ಚು ಹುರಿಯದ ಬಗೆಗಳಲ್ಲಿ ನಡುವೆ ಹಸುರು, ಅಂಚಿನಲ್ಲಿ ಕೆಂಪು ಗೆರೆ ಕಾಣುತ್ತದೆ. ಪುಡಿಯೂ ಕಡ್ಡಿಯೂ ಹೆಚ್ಚಾಗಿದ್ದರೆ, ಹಲವು ಬಣ್ಣದ ಎಲೆಗಳು ಕಲೆತಿದ್ದರೆ, ಅದು ಬೆರಕೆ ಮಾಲು. ಬಣ್ಣ ಹಾಕಿದ್ದಾರೆಂಬ ಅನುಮಾನವಿದ್ದಲ್ಲಿ ಒಣ ಎಲೆಯನ್ನು ಸೋಸು ಕಾಗದದ ಮೇಲೆ ಹರಡಿ ತಣ್ಣೀರು ಚಿಮುಕಿಸಿ, ಸ್ವಲ್ಪ ಹೊತ್ತಿನ ಮೇಲೆ ಎಲೆಯನ್ನು ತೊಳೆದು ತೆಗೆದು, ಕಾಗದವನ್ನು ಬೆಳಕಿಗೆ ಹಿಡಿದು ನೋಡಬೇಕು. ಬೆರಕೆ ಬಣ್ಣ ತಣ್ಣೀರಿಗೇ ಎದ್ದ ಕಲೆಗಳನ್ನು ಬಿಡುತ್ತದೆ. ಶುದ್ಧವಾದ ಎಲೆ ಹಾಗೆ ಬಿಡುವುದಿಲ್ಲ. ಉಳಿದ ಎಲೆಯನ್ನು ಬಿಗಿಮುಚ್ಚಳದ ತಗಡಿನ ಡಬ್ಬಿಯಲ್ಲಿ, ಮಸಾಲೆ ಖಾರಗಳ ಗೂಡಿನಿಂದ ದೂರವಾಗಿ ಇಡಬೇಕು. ಚಹಾ ಸುತ್ತಣ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ.