ಹಿಮ ಬಾಚುವ ಪಂದ್ಯಕ್ಕೆ ಇಳಿಯುವ ಮುನ್ನ

ಪ್ರಶ್ನೆ: ಡಾಕ್ಟರೇ, ನನಗೆ 52 ವರ್ಷ. ಊರು ಮೈಸೂರು, ಕೆಲಸ ಕೆನಡಾದ ಮಿಸ್ಸಿಸಾಗಾದಲ್ಲಿ. ಹಿಮ ಬಿದ್ದ ಮರುದಿನ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಒಲಿಂಪಿಕ್ಸ್ ನಡೆಯುತ್ತದೆ. ಯಾರ ಡ್ರೈವ್‌ವೇಯಲ್ಲಿ ಮೊದಲು ಕಪ್ಪು ಡಾಂಬರು ಕಾಣುತ್ತದೋ ಅವರಿಗೆ ಚಿನ್ನ. ಪಕ್ಕದ ಮನೆ ಕಡೆ ಹಿಮ ಎಸೆದರೆ ಫೌಲ್. ಸ್ನೋ ಬ್ಲೋವರ್ ತಂದರೆ ಡೋಪಿಂಗ್ ಕೇಸು, ಅನರ್ಹ. ಎಲ್ಲ ಮುಗಿಯಿತು ಅನ್ನುವಾಗ ನಗರಪಾಲಿಕೆಯ ಪ್ಲೋ ಗಾಡಿ ಬಂದು ರಸ್ತೆಯ ಹಿಮವನ್ನೆಲ್ಲ ಮನೆ ಬಾಗಿಲಿಗೆ ತಳ್ಳಿ ಹೋಗುತ್ತದಲ್ಲ, ಅದು ಸೂಪರ್ ಓವರ್. ನನಗೆ ಪ್ರತಿ ಸಲ ಬೆಳ್ಳಿಯೇ ಗತಿ. ಈ ವರ್ಷ ಗೆಲ್ಲಲು ಹೇಗೆ ತಯಾರಾಗಲಿ? ಬಿಪಿ ಮಾತ್ರೆ ನುಂಗುತ್ತೇನೆ. ವ್ಯಾಯಾಮದ ಅಭ್ಯಾಸ ಇಲ್ಲ.

ಉತ್ತರ: ಚಳಿಗೆ ಮುದುಡಿ ಒಳಗೇ ಕೂರದೆ ಇಡೀ ಬೀದಿ ಹೊರಗೆ ಬಂದು ನಗುತ್ತದಲ್ಲ, ಅದು ನನಗೆ ತುಂಬಾ ಹಿಡಿಸಿತು. ಆಟ ಬಿಡಿ ಎಂದು ಹೇಳುವುದಿಲ್ಲ. ಗಡಿಯಾರ ಬಿಡಿ ಎಂದು ಕೇಳಿಕೊಳ್ಳುತ್ತೇನೆ.

ನಿಮಗಿದು ತಮಾಷೆಯ ಪಂದ್ಯ, ಹೃದಯಕ್ಕೆ ನಿಜವಾದ ಪಂದ್ಯ. ಅಮೆರಿಕದ ಮಿಷಿಗನ್ ರಾಜ್ಯದ ವೈದ್ಯರು ಇದನ್ನು ಅಳೆದು ನೋಡಿ 1995ರಲ್ಲಿ ಪ್ರಕಟಿಸಿದರು. ಆರೋಗ್ಯವಾಗಿದ್ದ, ಆದರೆ ವ್ಯಾಯಾಮ ಮಾಡದ 10 ಯುವಕರ ಕೈಗೆ ಸಲಿಕೆ ಕೊಟ್ಟರು. ಎರಡೇ ನಿಮಿಷಕ್ಕೆ ಅವರ ಎದೆಬಡಿತ ಗರಿಷ್ಠ ಮಿತಿಯ ಶೇ. 85ನ್ನು ದಾಟಿತು. ನಿಮ್ಮ ವಯಸ್ಸಿಗೆ ಅದು ನಿಮಿಷಕ್ಕೆ ಸುಮಾರು 143.

ಒಂದು ಸಲಿಕೆಯನ್ನೇ ಗಮನಿಸಿ. ಒದ್ದೆ ಹಿಮ ತುಂಬಿದರೆ ಏಳು ಕಿಲೋ ಸುಲಭವಾಗಿ ತೂಗುತ್ತದೆ. ನಿಮಿಷಕ್ಕೆ ಹತ್ತು ಸಲ ಎತ್ತಿದರೂ ಹತ್ತು ನಿಮಿಷದಲ್ಲಿ 700 ಕಿಲೋ ಆಯಿತು. ಅಷ್ಟನ್ನೂ ಎತ್ತುವುದು ಕಾಲಲ್ಲ, ತೋಳು. ಅದೇ ಕೆಲಸಕ್ಕೆ ತೋಳು ಬಳಸಿದರೆ ಹೃದಯದ ಮೇಲಿನ ಹೊರೆ ಹೆಚ್ಚು. ಎತ್ತುವಾಗ ನಮಗೆ ಗೊತ್ತಿಲ್ಲದೆಯೇ ಉಸಿರು ಬಿಗಿಹಿಡಿಯುತ್ತೇವೆ, ಬಿಪಿ ಜಿಗಿಯುತ್ತದೆ. ಮೇಲಿಂದ ಕೊರೆಯುವ ಗಾಳಿಗೆ ರಕ್ತನಾಳಗಳು ಸಂಕುಚಿತವಾಗುತ್ತವೆ. ಬೇಡಿಕೆ ಏರಿದ ಹೊತ್ತಿಗೇ ಸರಬರಾಜು ಕುಗ್ಗುತ್ತದೆ. ಕ್ವಿಬೆಕ್ ಪ್ರಾಂತ್ಯದಲ್ಲಿ 1981ರಿಂದ 2014ರವರೆಗಿನ ದಾಖಲೆಗಳನ್ನು ತಾಳೆ ಹಾಕಿದಾಗ, ಹೆಚ್ಚು ಹಿಮ ಬಿದ್ದ ಮರುದಿನ ಗಂಡಸರಲ್ಲಿ ಹೃದಯಾಘಾತ ಏರಿದ್ದು ಕಂಡುಬಂತು. ಹೆಂಗಸರಲ್ಲಿ ಆ ಏರಿಕೆ ಇರಲಿಲ್ಲ. ಸಲಿಕೆ ಹಿಡಿದು ಹೊರಟವರು ಯಾರು ಎಂದು ಊಹಿಸುವುದು ಕಷ್ಟವಲ್ಲ. ನಮ್ಮ ಕಡೆಯವರಿಗೆ ಹೃದ್ರೋಗ ಬೇರೆಯವರಿಗಿಂತ ಬೇಗ ಬರುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ.

ಹಾಗಾಗಿ ತಯಾರಿ ಇವತ್ತೇ ಶುರುವಾಗಲಿ. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಬಿಪಿ ಹತೋಟಿಯಲ್ಲಿದೆಯೇ, ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂದು ಅಲ್ಲಿನ ನಿಮ್ಮ ವೈದ್ಯರನ್ನು ಕೇಳಿ. ಪಂದ್ಯದ ದಿನ ಐದು ನಿಮಿಷ ಮನೆಯೊಳಗೇ ಓಡಾಡಿ ಮೈ ಬಿಸಿ ಮಾಡಿಕೊಂಡು ಹೊರಡಿ. ಹಿಮ ಬೀಳುತ್ತಿರುವಾಗಲೇ ಎರಡು ಸಲ ಬಾಚಿಬಿಟ್ಟರೆ ರಾಶಿಯಾಗುವುದಿಲ್ಲ. ಸಾಧ್ಯವಾದಷ್ಟು ಎತ್ತಬೇಡಿ, ತಳ್ಳಿ. ಎತ್ತಲೇಬೇಕಾದರೆ ಅರ್ಧ ಸಲಿಕೆ, ಮಂಡಿ ಬಗ್ಗಿಸಿ, ಸೊಂಟ ತಿರುಚದೆ. ಹೆಗಲ ಮೇಲಿಂದ ಹಿಂದಕ್ಕೆ ಎಸೆದರೆ ಸೊಂಟ ಹಿಡಿಯುವುದು ಖಂಡಿತ. ಪಕ್ಕದವರ ಜೊತೆ ಏದುಸಿರಿಲ್ಲದೆ ಒಂದು ಪೂರ್ತಿ ವಾಕ್ಯ ಆಡಲು ಆಗದಿದ್ದರೆ ನಿಲ್ಲಿಸಿ.

ನಿಯಮಾವಳಿಗೂ ಎರಡು ತಿದ್ದುಪಡಿ ಬೇಕು. ಮಿಷಿಗನ್ ಪ್ರಯೋಗದಲ್ಲಿ ಬ್ಲೋವರ್ ಹಿಡಿದಾಗ ಎದೆಬಡಿತ ಅಷ್ಟು ಏರಲಿಲ್ಲ. ಬ್ಲೋವರ್ ಮೇಲಿನ ನಿಷೇಧ ತೆಗೆದುಹಾಕಿ. ಅದರ ಬಾಯಿ ಕಟ್ಟಿಕೊಂಡರೆ ಮಾತ್ರ ಎಂಜಿನ್ ಆಫ್ ಮಾಡಿ ಕೋಲಿನಿಂದ ಬಿಡಿಸಿ. ಆಫ್ ಆಗಿದ್ದರೂ ಒಳಗೆ ಕೈ ಹಾಕಬೇಡಿ, ಬೆರಳು ಹೋಗುತ್ತದೆ. ಎರಡನೆಯದು ಸೂಪರ್ ಓವರ್. ಪ್ಲೋ ತಳ್ಳಿದ ದಿಬ್ಬ ಕಲ್ಲಿನಂತೆ ಗಟ್ಟಿ, ಒದ್ದೆ, ಭಾರ. ಅದು ಎದುರಾಗುವುದೋ ನೀವು ದಣಿದ ಮೇಲೆ. ಅದೊಂದನ್ನು ಯಾರೂ ಒಂಟಿಯಾಗಿ ಆಡಕೂಡದು. ಒಳಗೆ ಹೋಗಿ, ನೀರು ಕುಡಿದು, ದಣಿವಾರಿಸಿಕೊಂಡು ಬನ್ನಿ. ಆಮೇಲೆ ನಾಲ್ಕು ಮನೆಯವರು ಸೇರಿ ಒಂದೊಂದೇ ದಿಬ್ಬ ತೆಗೆಯಿರಿ. ಚಿನ್ನ ಬೀದಿಗೆಲ್ಲ ಸೇರಲಿ.

ಪ್ರಶ್ನೆ: ನಾನು ಡೆಟ್ರಾಯ್ಟ್‌ನಲ್ಲಿದ್ದೇನೆ. ಹಾಸನದಿಂದ ಬಂದಿರುವ ಅಪ್ಪನಿಗೆ 68, ಸಕ್ಕರೆ ಕಾಯಿಲೆ ಇದೆ, ಸ್ಟೆಂಟ್ ಹಾಕಿದೆ. “ಗದ್ದೆಯಲ್ಲಿ ದುಡಿದ ಮೈಯಮ್ಮಾ, ಇದೇನು ಮಹಾ” ಅಂತ ನನ್ನ ಗಂಡನ ಜೊತೆ ಪೈಪೋಟಿಗೆ ಹೊರಡುತ್ತಾರೆ. ಬಿಡಬಹುದೇ?

ಉತ್ತರ: ಬಿಡಬೇಡಿ ತಾಯಿ. ಗದ್ದೆ ಕೆಲಸ ಅವರ ಮೈಗೆ ವರ್ಷಗಳಿಂದ ಒಗ್ಗಿದ್ದು, ತಮ್ಮದೇ ಗತಿಯಲ್ಲಿ ಮಾಡಿದ್ದು. ಈ ಚಳಿ ಅವರಿಗೆ ಹೊಸದು. ಕಿಟಕಿ ಪಕ್ಕ ಕುರ್ಚಿ ಹಾಕಿ ಅಂಪೈರ್ ಮಾಡಿ; ಅಳಿಯ ಹತ್ತು ನಿಮಿಷಕ್ಕೊಮ್ಮೆ ವಿರಾಮ ತೆಗೆದುಕೊಳ್ಳುವಂತೆ ನೋಡಿಕೊಳ್ಳುವ ಅಧಿಕಾರ ಅವರದೇ ಇರಲಿ.

ಮನೆಯಲ್ಲಿ ಯಾರಿಗೇ ಆಗಲಿ ಎದೆ ಬಿಗಿತ, ದವಡೆ ಅಥವಾ ಎಡತೋಳಿನ ನೋವು, ತಣ್ಣನೆ ಬೆವರು, ವಾಕರಿಕೆ ಬಂದರೆ ಗ್ಯಾಸ್ಟ್ರಿಕ್ ಎಂದುಕೊಂಡು ಕಷಾಯ ಕುಡಿಸುತ್ತಾ ಕೂರಬೇಡಿ. ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದೆ ಬರೀ ಸುಸ್ತು, ಉಬ್ಬಸ ಆಗಬಹುದು. ತಕ್ಷಣ 911ಕ್ಕೆ ಫೋನ್ ಮಾಡಿ, ಕಾರಿನಲ್ಲಿ ಕರೆದೊಯ್ಯಬೇಡಿ. ಅವರು ಹೇಳಿದರೆ ಆಸ್ಪಿರಿನ್ ಅಗಿಯಲು ಕೊಡಿ. ಅಪ್ಪನ ಮಾತ್ರೆಗಳ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಬರೆದು ಇವತ್ತೇ ಫ್ರಿಜ್ ಬಾಗಿಲಿಗೆ ಅಂಟಿಸಿಡಿ, ಆಂಬುಲೆನ್ಸ್‌ನವರು ಅದನ್ನು ಕೇಳುತ್ತಾರೆ.