ಹಳೇ ಎಲೆ ಬಿಡು, ಚಿಗುರು ನೋಡು

ನಮ್ಮ ಕಾಂಪೌಂಡಿನ ಕೋಲಿಯಸ್ ಕಡ್ಡಿಗಳು ನಿನ್ನ ಬಾಲ್ಕನಿಗೆ ಬಂದಮೇಲೆ ಹಸಿರಾಗಿಬಿಟ್ಟಿವೆ ಅಂತ ಫೋಟೊ ಕಳಿಸಿ, "ದೊಡ್ಡಮ್ಮ, ಬೇರೆ ಗಿಡದ ಕಡ್ಡಿ ಕೊಟ್ರಾ?" ಅಂತ ಕೇಳಿದ್ದೀಯ. ಇಲ್ಲ ಕಣೇ. ಬೀಜದಿಂದ ಬಂದ ಗಿಡವಾದರೆ ಎರಡು ಕಡೆಯ ಗುಣ ಬೆರೆತು ಬಣ್ಣ ಹೀಗೇ ಅಂತ ಹೇಳೋಕಾಗಲ್ಲ. ಕಡ್ಡಿ ಹಾಗಲ್ಲ, ಅದು ತಾಯಿಗಿಡದ್ದೇ ಒಂದು ತುಂಡು. ಗಂಗಾನಗರದ ನಮ್ಮನೆ ಗೋಡೆ ಪಕ್ಕ ರಕ್ತಗೆಂಪಾಗಿರುವುದೂ ಕೆಂಪಾಪುರದ ನಿಮ್ಮ ಫ್ಲಾಟಿನಲ್ಲಿ ಹಸಿರಾಗಿರುವುದೂ ಒಂದೇ ಗಿಡ. ಬದಲಾಗಿರುವುದು ಅದು ನಿಂತ ಜಾಗ.

ಎಲೆಗೆ ಆಹಾರ ತಯಾರಿಸಿಕೊಡುವುದು ಹಸಿರು, ಅಂದರೆ ಪತ್ರಹರಿತ್ತು. ಬೆಳಕು ಕಮ್ಮಿಯಾದಾಗ ಇರುವಷ್ಟನ್ನೇ ಹಿಡಿದುಕೊಳ್ಳೋಕೆ ಎಲೆ ಅಗಲವಾಗುತ್ತೆ, ತೆಳ್ಳಗಾಗುತ್ತೆ, ಹಸಿರು ಮುಂದೆ ಬರುತ್ತೆ. ಕೆಂಪು–ನೇರಳೆ ಕೊಡುವ ಆಂಥೊಸಯನಿನ್ ಕೆಲಸ ಬೇರೆ. ಅತಿಯಾದ ಬಿಸಿಲಿನಿಂದ ಪತ್ರಹರಿತ್ತು ಹಾಳಾಗದ ಹಾಗೆ ಅದು ಎಲೆ ಬಿಚ್ಚಿಕೊಂಡ ಕೊಡೆ. ಅದನ್ನು ಮಾಡಿಕೊಳ್ಳೋಕೆ ಸಕ್ಕರೆ ಖರ್ಚಾಗುತ್ತೆ. ನೆರಳಲ್ಲಿ ಬಿಸಿಲೂ ಇಲ್ಲ, ಮಿಗುವಷ್ಟು ಸಕ್ಕರೆಯೂ ಇಲ್ಲ, ಹಾಗಾಗಿ ಗಿಡ ಆ ಬಣ್ಣದ ಗೊಡವೆಗೆ ಹೋಗಲ್ಲ. ಅನುಮಾನವಿದ್ದರೆ ರಸ್ತೆ ಬದಿ ಬೇಲಿಗೆ ಹಾಕಿರುವ ತಾಮ್ರದ ಬಣ್ಣದ ಅಕಾಲಿಫಾ ನೋಡು. ಒಂದು ಎಲೆಯ ಮೇಲೆ ಇನ್ನೊಂದು ಕೂತಿರುತ್ತಲ್ಲ, ಮೇಲಿನದನ್ನು ಮೆಲ್ಲಗೆ ಎತ್ತು. ಕೆಳಗಿನದರಲ್ಲಿ ನೆರಳು ಬಿದ್ದಷ್ಟು ಜಾಗ ಹಸಿರು ಹಸಿರಾಗಿ ಉಳಿದಿರುತ್ತೆ, ಅದರ ಸುತ್ತ ಕೆಂಪು.

"ನಮ್ಮ ಹಾಲ್ ತುಂಬಾ ಬೆಳಕಿದೆ" ಅಂತೀಯ. ಈ ವಿಷಯದಲ್ಲಿ ಕಣ್ಣನ್ನು ನಂಬಬೇಡ. ಮಧ್ಯಾಹ್ನ ತಾರಸಿಯ ಮೇಲೆ ಬೀಳುವ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಹಾಲಿನ ಸೋಫಾ ಪಕ್ಕ ಕೆಲವು ನೂರು ಇದ್ದರೆ ಹೆಚ್ಚು. ನಮ್ಮ ಕಣ್ಣು ಹೊಂದಿಕೊಂಡುಬಿಡುತ್ತೆ, ಗಿಡಕ್ಕೆ ಆ ಅನುಕೂಲ ಇಲ್ಲ. ಅದರ ಮೇಲೆ ನಿಮ್ಮ ಸ್ಲೈಡಿಂಗ್ ಡೋರಿಗೆ ಕಪ್ಪು ಫಿಲ್ಮ್ ಬೇರೆ ಅಂಟಿಸಿದ್ದೀರಿ. ಫೋನಿನಲ್ಲಿ ಬೆಳಕು ಅಳೆಯುವ ಆಪ್ ಸಿಗುತ್ತೆ. ನಿಖರ ಲೆಕ್ಕ ಸಿಗದಿದ್ದರೂ ಅಲ್ಲಿಗೂ ಇಲ್ಲಿಗೂ ಇರುವ ವ್ಯತ್ಯಾಸ ತಿಳಿಯುತ್ತೆ, ನಮಗೆ ಅಷ್ಟು ಸಾಕು.

ಇನ್ನು ದಿಕ್ಕಿನ ಮಾತು. ನಿಮ್ಮ ಬಾಲ್ಕನಿ ಉತ್ತರಕ್ಕಿದೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರದಲ್ಲಿ. ಏಪ್ರಿಲ್ 24ರ ಆಸುಪಾಸು, ಮತ್ತೆ ಆಗಸ್ಟ್ 18ರ ಆಸುಪಾಸು ಮಧ್ಯಾಹ್ನದ ಸೂರ್ಯ ನೆತ್ತಿಯ ನೇರಕ್ಕೆ ಬರ್ತಾನೆ. ಶೂನ್ಯ ನೆರಳಿನ ದಿನ ಅಂತ ಮಕ್ಕಳು ಕೋಲು ನೆಟ್ಟು ನೋಡ್ತಾರಲ್ಲ, ಅದೇ. ಆ ಎರಡು ದಿನಗಳ ನಡುವೆ ಅವನು ಒಂದಿಷ್ಟು ಉತ್ತರಕ್ಕೇ ಇರ್ತಾನೆ, ಆಗ ನಿಮ್ಮ ಬಾಲ್ಕನಿಗೂ ಬಿಸಿಲು ಇಣುಕುತ್ತೆ. ಜೂನ್ ಬಂತು ಅಂದರೆ ಮೋಡ ಕವಿಯುತ್ತೆ ಅನ್ನೋದು ಬೇರೆ ಮಾತು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ನಿಮ್ಮ ಕಡೆ ನೇರ ಬಿಸಿಲು ಬರೋದೇ ಇಲ್ಲ. ಮೇನಲ್ಲಿ ಚೆಂದವಿದ್ದ ಗಿಡ ಚಳಿಗಾಲದಲ್ಲಿ ಮಂಕಾದರೆ ಗೊಬ್ಬರದ ಅಂಗಡಿಗೆ ಓಡಬೇಡ. ಹಾಗೆ ನೋಡಿದರೆ ಗೊಬ್ಬರ ತಂದರೆ ಕೆಟ್ಟಿತು: ಯೂರಿಯಾ ಥರದ್ದು ಬಿದ್ದಷ್ಟೂ ಹಸಿರೇ ಏರೋದು.

ಹಾಗಂತ ಬೇರು ಬಿಡದ ಕಡ್ಡಿಯನ್ನು ಬಣ್ಣ ಬರಲಿ ಅಂತ ಬಿಸಿಲಿಗೆ ಇಟ್ಟೀಯ, ಜೋಕೆ. ಬೇರಿಲ್ಲದೆ ಅದು ನೀರು ಎಳೆದುಕೊಳ್ಳೋದು ಹೇಗೆ? ಗೆಣ್ಣಿನ ಕೆಳಗೆ ಕತ್ತರಿಸು, ಬುಡದ ಎಲೆ ತೆಗೆ, ನೆರಳಲ್ಲಿಡು. ಕೋಲಿಯಸ್ ನೀರಿನ ಲೋಟದಲ್ಲೂ ಒಂದೆರಡು ವಾರದಲ್ಲಿ ಬೇರು ಬಿಡುತ್ತೆ. ಆ ದಿನಗಳಲ್ಲಿ ಬಣ್ಣ ಇಳಿಯೋದು ಸಹಜ, ಇಳಿಯಲಿ. ಕ್ರೋಟನ್‌ಗೆ ಅದಕ್ಕಿಂತ ತಾಳ್ಮೆ ಬೇಕು, ವಾರಗಟ್ಟಲೆ ಹಿಡಿಯುತ್ತೆ. ಅದರ ಹಾಲು ಬಟ್ಟೆಗೆ ಬಿದ್ದರೆ ಕಲೆ ಹೋಗಲ್ಲ, ಹಳೇ ನೈಟಿ ಹಾಕಿಕೊಂಡು ಕತ್ತರಿಸು.

ಬೇರು ಬಿಟ್ಟು ಹೊಸ ಚಿಗುರು ಬಂದಮೇಲೆ ಬಿಸಿಲು ತೋರಿಸು, ಅದೂ ಮೊದಲು ಬೆಳಗಿನ ಎಳೆಬಿಸಿಲು ಒಂದು ಗಂಟೆ, ಆಮೇಲೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಒಂದು ವಾರ ಹತ್ತು ದಿನ. ನೆರಳಲ್ಲಿ ಹುಟ್ಟಿದ ಎಲೆ ತೆಳುವಾಗಿರುತ್ತೆ, ಒಮ್ಮೆಲೇ ಬಿಸಿಲಿಗಿಟ್ಟರೆ ಕಂದು ತೇಪೆ ಹಾಕಿದ ಹಾಗೆ ಸುಟ್ಟುಹೋಗುತ್ತೆ. ಪಡುವಣ ಬಾಲ್ಕನಿಯವರಿಗೆ ನಾನು ಹೇಳೋದು, ಮಧ್ಯಾಹ್ನ ಎರಡರ ಮೇಲಿನ ಬಿಸಿಲಿಗೆ ಹಸಿರು ಪರದೆ ಕಟ್ಟಿ ಅಂತ. ಕಡುಗೆಂಪಿನ ಜಾತಿಗಳು ಹೇಗೋ ತಡೆದುಕೊಳ್ತವೆ. ನಿಂಬೆಹಳದಿ, ಬಿಳಿ ಪಟ್ಟೆಯವು ತಡೆಯಲ್ಲ, ಪೇಲವವಾಗಿ ಅಂಚು ಒಣಗುತ್ತವೆ.

ಜಾಗ ಬದಲಿಸಿದ ಮಾರನೇ ದಿನವೇ ಎಲೆ ಎಣಿಸ್ತಾ ಕೂರಬೇಡ. ಹಳೇ ಎಲೆ ಹಳೇ ಜಾಗದ ಬಣ್ಣವನ್ನೇ ಬಹುಪಾಲು ಹೊತ್ತುಕೊಂಡಿರುತ್ತೆ. ಹೊಸ ಜಾಗ ಹೇಗಿದೆ ಅಂತ ಹೇಳೋದು ಅಲ್ಲಿ ಬಿಚ್ಚಿದ ಎರಡು ಮೂರು ಜೊತೆ ಎಲೆಗಳು. ಕ್ರೋಟನ್ನಿನಲ್ಲಿ ಇದಕ್ಕೂ ಒಂದು ತಿರುವಿದೆ: ಅನೇಕ ಜಾತಿಗಳ ಚಿಗುರು ಹಸಿರು–ಹಳದಿಯಾಗಿಯೇ ಬರುತ್ತೆ, ಬಿಸಿಲುಂಡು ಬಲಿತ ಮೇಲೆ ಕಿತ್ತಳೆ, ಕೆಂಪು ಏರುತ್ತೆ. ಅಲ್ಲಿ ಎಲೆ ಬಲಿಯುವ ತನಕ ಕಾಯಬೇಕು.

ಬೆಳಕಿನ ತಪ್ಪೇ ಇಲ್ಲದೆ ಹಸಿರಾಗುವುದೂ ಉಂಟು, ಇದನ್ನು ಮಾತ್ರ ಚೆನ್ನಾಗಿ ನೆನಪಿಟ್ಟುಕೋ. ಗಿಡವೆಲ್ಲ ಹಸಿರಾಗಿದ್ದರೆ ಬೆಳಕು ಸಾಲದು ಅಂತ ತಿಳಿ. ಮಿಕ್ಕ ಕೊಂಬೆಗಳೆಲ್ಲ ಬಣ್ಣವಿದ್ದು, ಅದೇ ಬಿಸಿಲಲ್ಲಿ ಒಂದೇ ಕೊಂಬೆ ಹಸಿರು ಹೊಡೆದರೆ ಆ ಕೊಂಬೆಯ ಒಳಗೇ ಗುಣ ಬದಲಾಗಿದೆ. ಅದರ ಕಡ್ಡಿ ನೆಟ್ಟರೆ ಎಲ್ಲಿಟ್ಟರೂ ಹಸಿರೇ. ಪತ್ರಹರಿತ್ತು ಹೆಚ್ಚಿರೋದರಿಂದ ಅದು ಪಕ್ಕದವನ್ನು ಮೀರಿ ಬೆಳೆಯುತ್ತೆ ಕೂಡ, ಬುಡಕ್ಕೇ ಕತ್ತರಿಸಿಬಿಡು. ಮನಿಪ್ಲಾಂಟಿನ ಹಳದಿ ಪಟ್ಟೆಗೂ ಇದೇ ಮಾತು. ಪಟ್ಟೆ ಚೆನ್ನಾಗಿರುವ ಗೆಣ್ಣನ್ನೇ ಆರಿಸಿ ನೆಡಬೇಕು.

ಯಾವುದು ಬೆಳಕಿನದು, ಯಾವುದು ಹುಟ್ಟುಗುಣ ಅಂತ ತಿಳಿಯಬೇಕಾದರೆ ಒಂದೇ ಕೊಂಬೆಯ ಎರಡು ಕಡ್ಡಿ ತಗೋ. ಒಂದೇ ಅಳತೆ ಕುಂಡ, ಅದೇ ಕೆಮ್ಮಣ್ಣು, ಅದೇ ಗೊಬ್ಬರ ಇರಲಿ, ಇಡುವ ಜಾಗ ಮಾತ್ರ ಬೇರೆ ಮಾಡು. ಪಕ್ಕಪಕ್ಕ ತಾಕು ಹಾಕಿ ಹೋಲಿಸಿ ನೋಡುವ ಈ ವಿದ್ಯೆ ನಮ್ಮೂರಿಗೆ ಹೊಸದೇನಲ್ಲ. ರೀಜೆಂಟ್ ಆಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೊಟ್ಟ 30 ಎಕರೆಯಲ್ಲಿ ಡಾ. ಲೆಹ್ಮನ್ 1899ರಲ್ಲಿ ಪ್ರಯೋಗ ಕ್ಷೇತ್ರ ಶುರು ಮಾಡಿದ್ದು ಇದೇ ಹೆಬ್ಬಾಳದಲ್ಲಿ. ಕೃಷಿ ವಿಶ್ವವಿದ್ಯಾನಿಲಯದ ಮೂಲ ಅಲ್ಲಿದೆ. ನಿನ್ನ ಹಾಗೆ ಒಂದೇ ಭಾನುವಾರ ಕುಂಡ, ಮಣ್ಣು, ಗೊಬ್ಬರ, ಜಾಗ ನಾಲ್ಕನ್ನೂ ಬದಲಿಸಿದರೆ ಗಿಡ ಸುಧಾರಿಸಿದರೂ ಯಾತರಿಂದ ಅಂತ ಗೊತ್ತಾಗಲ್ಲ.

ನಿಮ್ಮ ಅಪಾರ್ಟ್‌ಮೆಂಟ್ ಗೇಟಿನ ಪಾಯಿನ್‌ಸೆಟಿಯಾ ಕ್ರಿಸ್‌ಮಸ್ ಬಂದರೂ ಅರ್ಧ ಹಸಿರೇ ಇತ್ತು ಅಂದೆಯಲ್ಲ, ಅದರ ಕಥೆ ತಿರುಗುಮುರುಗು. ನಾವು ಹೂವಿನ ದಳ ಅಂದುಕೊಂಡಿರುವ ಆ ಕೆಂಪು ಭಾಗ ಎಲೆಯೇ. ಅದು ಕೆಂಪಾಗೋಕೆ ಹಗಲಿನಲ್ಲಿ ಒಳ್ಳೇ ಬಿಸಿಲೂ ಬೇಕು, ರಾತ್ರಿ ಉದ್ದಕ್ಕೆ ಅಡೆತಡೆಯಿಲ್ಲದ ಕತ್ತಲೂ ಬೇಕು. ಬೀದಿದೀಪ ಇಡೀ ರಾತ್ರಿ ಬೀಳುವ ಮಗ್ಗುಲು ಹಸಿರಾಗಿಯೇ ಉಳಿದುಬಿಡುತ್ತೆ. ಕುಂಡದ ಗಿಡವಾದರೆ ಅಕ್ಟೋಬರಿನಿಂದ ದಿನಾ ಸಂಜೆ ಒಂದು ರಟ್ಟಿನ ಡಬ್ಬ ಬೋರಲು ಹಾಕಿ ಬೆಳಿಗ್ಗೆ ತೆಗೆಯಬಹುದು. ಗೇಟಿನದಕ್ಕೆ ಅಸೋಸಿಯೇಷನ್‌ನವರು ದೀಪ ತಿರುಗಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಿಮ್ಮ ಅಡುಗೆಮನೆ ಕಿಟಕಿಯ ದೊಡ್ಡಪತ್ರೆಯೂ ಕೋಲಿಯಸ್ ಕುಲದ್ದೇ. ಅದನ್ನು ಕೆಂಪು ಮಾಡುವ ಉಸಾಬರಿ ನಮಗೆ ಬೇಡ. ಸುಡುಬಿಸಿಲಿನಲ್ಲಿ ಅದರ ಎಲೆ ಚಿಕ್ಕದಾಗಿ, ದಪ್ಪಗಾಗಿ, ಹಳದಿಗೆ ತಿರುಗುತ್ತೆ. ಅರೆನೆರಳಿನಲ್ಲಿ ಅಂಗೈಯಗಲ, ಎಳೆಯದಾಗಿ, ಹಚ್ಚಗಿರುತ್ತೆ. ಬಜ್ಜಿಗೂ ತಂಬುಳಿಗೂ ನನಗೆ ಬೇಕಾದ್ದು ಆ ಅರೆನೆರಳಿನ ಎಲೆ. ಉತ್ತರದ ಬಾಲ್ಕನಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಈ ಭಾನುವಾರ ಬರುವಾಗ ಒಂದು ಹಿಡಿ ಕಿತ್ತುಕೊಂಡು ಬಾ, ಕೋಲಿಯಸ್‌ಗೆ ಬೇರೆ ಕಡ್ಡಿ ಆರಿಸಿ ಇಟ್ಟಿರ್ತೀನಿ.