ಬಚ್ಚಲು ಮನೆಯೂ ಒಂದು ಚೀಟಿಯೂ

ನಮ್ಮ ಮನೆ ಹಲಸೂರಿನಲ್ಲಿದೆ. ಸೋಮೇಶ್ವರ ದೇವಸ್ಥಾನದ ಹತ್ತಿರದ ಒಂದು ಗಲ್ಲಿ. ಹಳೇ ಮನೆ. ನಾವು ಇಬ್ಬರು ಓರಗಿತ್ತಿಯರು. ಮನೆಯಲ್ಲಿ ಎಂಟು ಜನ. ಬಚ್ಚಲು, ಕಕ್ಕಸು ಸೇರಿ ಒಂದೇ ಕೋಣೆ.

ಬಚ್ಚಲಿನ ನೆಲ ಕೆಂಪು ಗಾರೆಯದು. ಸವೆದು ನುಣ್ಣಗಾಗಿತ್ತು. ಮೂಲೆಯಲ್ಲಿ ಯಾವಾಗಲೂ ನೀರು ನಿಲ್ಲುತ್ತಿತ್ತು. ಒಂದು ದಿನ ಬೆಳಿಗ್ಗೆ ಅತ್ತೆ ಅಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಮೂರು ತಿಂಗಳು ಹಾಸಿಗೆ ಹಿಡಿದರು. ಆಗ ನಾವು ತೀರ್ಮಾನ ಮಾಡಿದೆವು. ಬಚ್ಚಲನ್ನು ಒಡೆದು ಹೊಸದಾಗಿ ಮಾಡಿಸಬೇಕು.

ನಮ್ಮ ಚೀಟಿ ಹಣ ಬಂದಿತ್ತು. ಯಾರೋ ಒಬ್ಬ ಮೇಸ್ತ್ರಿಯನ್ನು ಕರೆತಂದರು. ಅವನು ಒಳಗೆ ಹೋದ, ಹೊರಗೆ ಬಂದ. ಅಳತೆ ಕೂಡ ಹಿಡಿಯಲಿಲ್ಲ.

"ಅಕ್ಕಾ, ಎಲ್ಲಾ ನಾನು ನೋಡ್ಕೋತೀನಿ. ಹದಿನೈದು ದಿನ ಸಾಕು. ಅರ್ಧ ದುಡ್ಡು ಕೊಟ್ಬಿಡಿ" ಎಂದ.

ಕೊಟ್ಟೆವು. ಒಂದು ಸಾಲು ಬರೆಸಿಕೊಳ್ಳಲಿಲ್ಲ. ಒಂದೇ ದಿನದಲ್ಲಿ ಬಚ್ಚಲನ್ನು ಒಡೆದು ಹಾಕಿದ. ಆಮೇಲೆ ಎರಡು ದಿನ ಬಂದ. ಆಮೇಲೆ ಫೋನ್ ಎತ್ತಲಿಲ್ಲ.

ಗಂಡಸರು ಹೇಗೋ ನಿಭಾಯಿಸಿದರು. ನಾವು ಹೆಂಗಸರು ಬಕೆಟ್ ಹಿಡಿದು ಪಕ್ಕದ ಮನೆಗೆ ಹೋದೆವು. ಮುಟ್ಟಿನ ದಿನಗಳಲ್ಲಿ ಅವರನ್ನು ಕೇಳಲು ನಾಚಿಕೆ. ಅತ್ತೆಯನ್ನು ಇಬ್ಬರು ಹಿಡಿದು ಕರೆದೊಯ್ಯಬೇಕು. ಹೀಗೆ ಒಂದೂವರೆ ತಿಂಗಳು ಕಳೆಯಿತು. ಕೊನೆಗೆ ಅವನು ಬಂದು ಹೇಗೋ ಟೈಲ್ಸ್ ಅಂಟಿಸಿ ಹೋದ. ನೀರು ಹಾಕಿ ನೋಡಿದರೆ, ಅದು ಬಾಗಿಲ ಕಡೆಗೇ ಹರಿಯಿತು! ಎರಡು ತಿಂಗಳಲ್ಲಿ ಅಡುಗೆ ಮನೆ ಗೋಡೆಗೆ ತೇವ ಏರಿತು.

ಜಗಳಕ್ಕೆ ಹೋದೆವು. "ನಾನು ಹಂಗೆ ಹೇಳೇ ಇಲ್ವಲ್ಲಕ್ಕಾ" ಎಂದ. ನಿಜ. ಹೇಳಿದ್ದಕ್ಕೆ ನಮ್ಮ ಹತ್ತಿರ ಏನೂ ಗುರುತು ಇರಲಿಲ್ಲ.

ಮತ್ತೆ ಹಣ ಕೂಡಿಸಲು ಎರಡು ವರ್ಷ ಬೇಕಾಯಿತು. ಆ ಹೊತ್ತಿಗೆ ನಾವಿಬ್ಬರೂ ಓದು ಬರಹ ಕಲಿತಿದ್ದೆವು. ಈ ಸಲ ಬೇರೆ ಮೇಸ್ತ್ರಿ. ಮೊದಲು ನಾವೇ ಟೇಪು ಹಿಡಿದು ಅಳೆದೆವು. ಬಚ್ಚಲಿನ ಉದ್ದ 7 ಅಡಿ, ಅಗಲ 5 ಅಡಿ. ನೆಲ 7 × 5 = 35 ಚದರ ಅಡಿ. ನಾಲ್ಕು ಗೋಡೆಯ ಸುತ್ತಳತೆ 24 ಅಡಿ. ಟೈಲ್ಸ್ 7 ಅಡಿ ಎತ್ತರಕ್ಕೆ ಬೇಕು. 24 × 7 = 168. ಬಾಗಿಲಿಗೆ ಟೈಲ್ಸ್ ಬೇಡ. ಅದರದು ಸುಮಾರು 18 ಕಳೆದರೆ 150. ನೆಲ, ಗೋಡೆ ಎರಡೂ ಸೇರಿ 185 ಚದರ ಅಡಿ. ಕತ್ತರಿಸುವಾಗ ಒಡೆಯುತ್ತವೆ. ಅದಕ್ಕೆ ನೂರಕ್ಕೆ ಹತ್ತು ಹೆಚ್ಚು. ಒಟ್ಟು 204 ಚದರ ಅಡಿ ಸಾಕು. ಮೇಸ್ತ್ರಿ ಬಾಯಲ್ಲಿ ಬಂದದ್ದು 260! ಲೆಕ್ಕ ತೋರಿಸಿದೆವು. ಅವನು ನಕ್ಕು ಒಪ್ಪಿಕೊಂಡ.

ಉಳಿದ ನಾಲ್ಕು ಟೈಲ್ಸನ್ನು ಅಟ್ಟದ ಮೇಲೆ ಇಟ್ಟಿದ್ದೇವೆ. ಮುಂದೆ ಒಂದು ಒಡೆದರೆ ಅದೇ ಬಣ್ಣ ಅಂಗಡಿಯಲ್ಲಿ ಸಿಗುವುದಿಲ್ಲ.

ಆಮೇಲೆ ಚೀಟಿ ಬರೆದೆವು. ಇದು ಹಣದ ಚೀಟಿಯಲ್ಲ, ಕಾಗದದ ಚೀಟಿ. ಅದು ಹೀಗಿತ್ತು:

ಕೆಲಸ: ಹಳೇ ನೆಲ, ಗೋಡೆ ಗಾರೆ ಒಡೆಯುವುದು. ಹೊಸ ಪೈಪು. ನೀರು ಇಳಿಯದ ಹಾಗೆ ಮದ್ದು ಬಳಿಯುವುದು. ಟೈಲ್ಸ್. ಕಮೋಡು. ಹಿಡಿಕೆ ಕಂಬಿ.
ಸಾಮಾನು: ಟೈಲ್ಸ್, ನಲ್ಲಿ, ಕಮೋಡು ನಮ್ಮದು. ಸಿಮೆಂಟು, ಮರಳು, ಪೈಪು ಮೇಸ್ತ್ರಿಯದು.
ಒಡೆದ ಕಲ್ಲು ಮಣ್ಣು ಸಾಗಿಸುವುದು ಮೇಸ್ತ್ರಿಯ ಕೆಲಸ. ಕೆರೆಗೆ, ರಾಜಕಾಲುವೆಗೆ ಹಾಕಬಾರದು.
ದಿನ: 20.
ಹಣ: ನೂರು ರೂಪಾಯಿಯಲ್ಲಿ 20 ಮೊದಲು. ಪೈಪು ಮತ್ತು ನೀರಿನ ಪರೀಕ್ಷೆ ಆದಮೇಲೆ 30. ಟೈಲ್ಸ್ ಮುಗಿದ ಮೇಲೆ 40. ಉಳಿದ 10 ಒಂದು ತಿಂಗಳು ಬಿಟ್ಟು.
ತಾರೀಖು, ಇಬ್ಬರ ಸಹಿ, ಒಬ್ಬ ಸಾಕ್ಷಿ.

ಎರಡು ಪ್ರತಿ ಮಾಡಿದೆವು. ಒಂದು ಅವನಿಗೆ, ಒಂದು ನಮಗೆ. ಹಣ ಕೊಟ್ಟಾಗಲೆಲ್ಲ ಹಿಂದೆ ಬರೆದು ಸಹಿ ಹಾಕಿಸಿದೆವು. ಕೆಲಸ ಕೆಟ್ಟರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಕೊಡಬಹುದು. ಅಲ್ಲಿ ತೋರಿಸಲು ಚೀಟಿ ಬೇಕಲ್ಲ?

ಎಲ್ಲಕ್ಕಿಂತ ಮುಖ್ಯ, ಟೈಲ್ಸ್ ಅಡಿಯಲ್ಲಿ ಮುಚ್ಚಿಹೋಗುವ ಕೆಲಸ. ಟೈಲ್ಸ್ ಎಲ್ಲರಿಗೂ ಕಾಣುತ್ತದೆ. ಅಡಿಯಲ್ಲಿರುವುದು ಕಾಣುವುದಿಲ್ಲ. ನೀರು ಸೋರುವುದು ಅಲ್ಲಿಂದಲೇ. ಮದ್ದು ಬಳಿದು ಒಣಗಿದ ಮೇಲೆ, ಟೈಲ್ಸ್ ಹಾಕುವ ಮೊದಲು, ನೀರು ಹೋಗುವ ತೂತಿಗೆ ಬಟ್ಟೆ ತುರುಕಿ. ಬಾಗಿಲಿಗೆ ಮಣ್ಣಿನ ಅಡ್ಡ ಕಟ್ಟಿ. ಎರಡು ಇಂಚು ನೀರು ನಿಲ್ಲಿಸಿ. ನೀರಿನ ಮಟ್ಟಕ್ಕೆ ಗೋಡೆ ಮೇಲೆ ಗೆರೆ ಎಳೆಯಿರಿ. ಎರಡು ದಿನ ಬಿಡಿ. ಬಿಸಿಲಿಗೆ ಗಾಳಿಗೆ ಕೊಂಚ ಇಳಿದರೆ ಪರವಾಗಿಲ್ಲ. ಪಕ್ಕದ ಗೋಡೆ ಒದ್ದೆಯಾದರೆ ಸೋರಿದೆ ಎಂದೇ ಅರ್ಥ.

"ಎರಡು ದಿನದ ಕೂಲಿ ಹೋಗತ್ತಕ್ಕಾ" ಎಂದು ಮೇಸ್ತ್ರಿ ಗೊಣಗಿದ. ಅವನ ಮಾತೂ ನ್ಯಾಯವೇ. "ಆ ಎರಡು ದಿನ ಬೇರೆ ಕಡೆ ಕೆಲಸ ನೋಡ್ಕೊಳ್ಳಣ್ಣ" ಎಂದೆವು. ಮಾರನೇ ದಿನ ಬೆಳಿಗ್ಗೆ ಅಡುಗೆ ಮನೆ ಗೋಡೆಯಲ್ಲಿ ಅಂಗೈಯಗಲ ತೇವ ಕಂಡಿತು! ಮೇಸ್ತ್ರಿಯೇ ಬೆರಗಾದ. ಪೈಪಿನ ಮೂಲೆಗೆ ಮದ್ದು ಸರಿಯಾಗಿ ತಾಗಿರಲಿಲ್ಲ. ಮತ್ತೆ ಬಳಿದ. ಮತ್ತೆ ಎರಡು ದಿನ ನೀರು ನಿಲ್ಲಿಸಿದೆವು. ಈ ಸಲ ಗೋಡೆ ಒಣಗಿತ್ತು. ಟೈಲ್ಸ್ ಆದಮೇಲೆ ಇದು ಗೊತ್ತಾಗಿದ್ದರೆ ಎಲ್ಲವನ್ನೂ ಮತ್ತೆ ಒಡೆಯಬೇಕಿತ್ತು.

ನೀರು ಹರಿಯುವ ಇಳಿಜಾರಿಗೆ ಮೇಸ್ತ್ರಿಗಳು ವಾಟ ಎನ್ನುತ್ತಾರೆ. 5 ಅಡಿಗೆ ಮುಕ್ಕಾಲು ಇಂಚು ವಾಟ ಬೇಕು. ಬಚ್ಚಲಿನ ನೆಲ ಹೊರಗಿನ ನೆಲಕ್ಕಿಂತ ತಗ್ಗಿರಬೇಕು. ನೆಲಕ್ಕೆ ಹೊಳೆಯುವ ಟೈಲ್ಸ್ ಬೇಡ, ತರಿತರಿಯಾದದ್ದು ಬೇಕು. ಅಂಗಡಿಯಲ್ಲೇ ಒದ್ದೆ ಮಾಡಿ ಕಾಲಿಟ್ಟು ನೋಡಿದೆವು. ಅಂಗಡಿಯವರು ನಮ್ಮನ್ನೇ ನೋಡಿದರು. ನೋಡಲಿ ಬಿಡಿ.

ಬಿಸಿನೀರಿನ ವಿಷಯದಲ್ಲಿ ಎಚ್ಚರ ಬೇಕು. ಗ್ಯಾಸ್ ಗೀಸರನ್ನು ಬಚ್ಚಲೊಳಗೆ ಇಡಬೇಡಿ. ಗಾಳಿ ಸಾಲದ ಕಡೆ ಗ್ಯಾಸ್ ಉರಿದರೆ ವಿಷಗಾಳಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಹಾಕಿ ಸ್ನಾನಕ್ಕೆ ಹೋದವರು ಎಚ್ಚರ ತಪ್ಪಿ ಸತ್ತದ್ದುಂಟು. ಕರೆಂಟಿನ ಗೀಸರಾದರೆ ಅರ್ಥಿಂಗ್ ಮಾಡಿಸಿ.

ನಮ್ಮ ನಾದಿನಿ ಕೆ.ಆರ್. ಪುರದಲ್ಲಿದ್ದಾಳೆ. ಅದು 2007ರವರೆಗೆ ಬೇರೆ ನಗರಸಭೆ. ಅವಳ ಬೀದಿಗೆ ಒಳಚರಂಡಿ ಇನ್ನೂ ಬಂದಿಲ್ಲ. ಮನೆ ಮುಂದೆ ಗುಂಡಿ ಇದೆ. ನಮ್ಮ ದಂಡು ಪ್ರದೇಶದಲ್ಲೂ ಹಿಂದೆ ಬೇರೆ ರೀತಿ ಇತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಆಮೇಲೆ ಫ್ರೇಜರ್ ಟೌನ್ ಬಡಾವಣೆ ಮಾಡಿದರು. ಮನೆಗಳ ಹಿಂದೆ ಸಣ್ಣ ಓಣಿ ಬಿಟ್ಟರು. ಕಕ್ಕಸು ಬಳಿಯುವವರು ಆ ಓಣಿಯಲ್ಲೇ ಬಂದು ಹೋಗಬೇಕಿತ್ತು. ಇಂದು ಅಂಥ ಕೆಲಸ ಮಾಡಿಸುವುದು ಅಪರಾಧ. ರಕ್ಷಣೆಯಿಲ್ಲದೆ ಗುಂಡಿಗೆ ಮನುಷ್ಯರನ್ನು ಇಳಿಸುವುದೂ 2013ರ ಕಾಯ್ದೆ ಪ್ರಕಾರ ಅಪರಾಧ. ನಾದಿನಿ ಬಚ್ಚಲು ಮಾಡಿಸುವಾಗ ಮೇಸ್ತ್ರಿ ಅಂದ, "ಒಬ್ಬ ಹುಡುಗನ್ನ ಇಳಿಸಿ ಗುಂಡಿ ಕ್ಲೀನ್ ಮಾಡಿಸ್ತೀನಿ." ಅವಳು ಒಪ್ಪಲಿಲ್ಲ. ಗುಂಡಿ ಹೀರುವ ಲಾರಿ ಕರೆಸಿದಳು. 2024ರ ಬೇಸಿಗೆಯಲ್ಲಿ ಆ ಕಡೆ ನೀರಿಗೆ ಬಹಳ ಕಷ್ಟವಾಯಿತು. ಅದಕ್ಕೇ ಅವಳು ಎರಡು ಗುಂಡಿಯ ಫ್ಲಶ್ ಹಾಕಿಸಿದ್ದಾಳೆ. ಸಣ್ಣ ಗುಂಡಿ ಒತ್ತಿದರೆ ಕಡಿಮೆ ನೀರು.

ನಮ್ಮ ಕೆಲಸ 20 ದಿನಕ್ಕೆ ಮುಗಿಯಲಿಲ್ಲ. 26 ದಿನ ಆಯಿತು. ಮೇಸ್ತ್ರಿಗೆ ಕೊನೆಯ ಹತ್ತು ಪಾಲನ್ನು ತಿಂಗಳ ಮೇಲೆ ಕರೆದು ಕೊಟ್ಟೆವು. ಈಗ ಅತ್ತೆ ಕಂಬಿ ಹಿಡಿದು ಒಬ್ಬರೇ ಸ್ನಾನಕ್ಕೆ ಹೋಗುತ್ತಾರೆ. ಒಳಗಿಂದ ಚಿಲಕ ಹಾಕಬೇಡಿ ಎಂದರೆ ಕೇಳುವುದಿಲ್ಲ.

ಅಳೆಯಿರಿ, ಬರೆಯಿರಿ:
ನಮ್ಮ ಬಚ್ಚಲಿನ ಉದ್ದ ....... ಅಡಿ. ಅಗಲ ....... ಅಡಿ.
ನೆಲ ....... ಚದರ ಅಡಿ.
ಒಂದು ಚೊಂಬು ನೀರು ಹಾಕಿದರೆ ಅದು ....... ಕಡೆಗೆ ಹರಿಯುತ್ತದೆ.